ನನ್ನ ಪಿಎಚ್.ಡಿ. ಕೆಡಿಸಿದ ಬೀಗ್ತೇರು

ರಿಟಾಯರ್ ಆದ ಮ್ಯಾಲ ಮನುಷ್ಯಾಗ ಎರಡ ಕೆಲಸ ಉಳೀತಾವ. ಮುಂಜಾನಿ ಪೇಪರ್ ಓದೋದು, ಸಂಜೀಕ ಹುಡುಗರಿಗಿ ಬುದ್ಧಿ ಹೇಳೋದು. ನನಗ ಈಗ ಕಣ್ಣು ಸರಿ ಕಾಣವಲ್ವು, ಹಂಗಾಗಿ ಎರಡನೇದ್ದ ಕಾಯಂ ಆಗ್ಯದ.

ಮೊನ್ನಿ ಒಬ್ಬಾಕಿ ಹುಡುಗಿ ಮನಿಗಿ ಬಂದಿದ್ಲು. ಪರಿಸರ ಆರೋಗ್ಯದಾಗ ಪಿಎಚ್.ಡಿ. ಮಾಡಾಕ ಹೆಸರು ಹಚ್ಯಾಳ. "ಸರ್, ಹಳ್ಳಿಗಿ ಹೋದ್ರ ಮೊದಲ ಏನು ನೋಡಬೇಕ್ರೀ? ನೀರೋ, ಗಟಾರೋ?" ಅಂತ ಕೇಳಿದ್ಲು. "ಎರಡೂ ಆಮ್ಯಾಲ ನೋಡವಾ. ಮೊದಲ ಆ ಊರಿನ ಹೆಣ್ಮಕ್ಕಳ್ನ ಯಾವ್ಯಾವ ಊರಿಗಿ ಕೊಟ್ಟಾರ ಅಂತ ಕೇಳು," ಅಂದೆ. ಮುದುಕಗ ಅರಳು ಮರಳು ಅಂತ ತಿಳಕೊಂಡ್ಲೋ ಏನೋ, ಚಾ ಕುಡದು ನಕ್ಕು ಹೋದ್ಲು. ಆಕಿ ನಕ್ಕದ್ದಕ್ಕ ನನಗ ಸಿಟ್ಟಿಲ್ಲ. ಆದ್ರ ಮಾತು ಅರ್ಧಕ್ಕ ನಿಂತ್ರ ನನಗ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ. ಅದಕ್ಕ ಇದನ್ನ ಬರಿಯಾಕ ಕುಂತೀನಿ.

ನಾ ಯಾವಾಗ ರೀಡರ್ ಆದೆ, ಯಾವಾಗ ಪ್ರೊಫೆಸರ್ ಆದೆ ಅಂಬೋದೆಲ್ಲ ಪೆನ್ಶನ್ ಕಾಗದದಾಗ ಅದ. ಅದನ್ನ ಓದಿದ್ರ ಯಾರಿಗೂ ನಗಿನೂ ಬರಂಗಿಲ್ಲ, ಬುದ್ಧಿನೂ ಬರಂಗಿಲ್ಲ. ನಾ ಹೇಳೋದು ಎಪ್ಪತ್ತರ ದಶಕ ಮುಗದು ಎಂಬತ್ತು ಶುರು ಆಗೋ ಕಾಲದ್ದು. ಇಬ್ಬರು ಬೀಗ್ತೇರು ಕೂಡಿ ನನ್ನ ಪಿಎಚ್.ಡಿ.ಗಿ ಎಳ್ಳು ನೀರು ಬಿಟ್ಟ ಕಥಿ.

ನಮ್ಮಪ್ಪ ರಾಯಚೂರು ಗಂಜ್‌ನ್ಯಾಗ ಹಮಾಲ. ಹತ್ತಿ ಅಂಡಿಗಿ, ಶೇಂಗಾ ಚೀಲ, ಭತ್ತದ ಚೀಲ, ಏನ ಬಂದ್ರೂ ಅಪ್ಪನ ಬೆನ್ನ ಮ್ಯಾಲ ಹಾದು ಹೋಗಬೇಕು. ಆ ಬೆನ್ನಿನ ಪುಣ್ಯಾಲೆ ನಾ ಎಂ.ಎಸ್ಸಿ. ಮುಗಿಸಿ, ಊರಾಗ ಒಂದು ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಕಲಿಸಾಕ ಹತ್ತಿದ್ದೆ. ನೌಕರಿ ಮಾತ್ರ ತಾತ್ಪೂರ್ತಿಕ. ಪ್ರಿನ್ಸಿಪಾಲರು ಕರದು ಕಡ್ಡಿ ಮುರದಂಗ ಹೇಳಿದ್ರು: "ಹಣಮಂತಪ್ಪ, ಪಿಎಚ್.ಡಿ. ತಗೊಂಡು ಬಾ, ಕಾಯಂ ಮಾಡ್ತೀವಿ. ಇಲ್ಲಾಂದ್ರ ನಿನ್ನ ಕುರ್ಚಿ ಮ್ಯಾಲ ಟವೆಲ್ ಹಾಕಾಕ ಮಂದಿ ನಿಂತಾರ." ಅಂದ್ರ ಒಂದು ಕಡಿ ಕುರ್ಚಿ, ಇನ್ನೊಂದು ಕಡಿ ಅಪ್ಪನ ಜೋಡಿ ಗಂಜ್‌ನ್ಯಾಗ ಚೀಲ. ನಡುವ ಪಿಎಚ್.ಡಿ.

ಅಪ್ಪ ಮರುದಿನಾನ ಗಂಜ್ ತುಂಬ ಡಂಗುರ ಸಾರಿದ, "ನನ್ನ ಮಗ ಡಾಕ್ಟರ್ ಆಗಾಕತ್ತಾನ!" ಐತವಾರ ಕದ ತಗದ್ರ ಮನಿ ಮುಂದ ಹಮಾಲರ ಪಾಳಿ. ಒಬ್ಬಗ ನಡಾ ಬ್ಯಾನಿ, ಒಬ್ಬಗ ಕೆಮ್ಮು. ಪ್ರಾಣಿಶಾಸ್ತ್ರ ಅಂತ ಕೇಳಿ ಒಬ್ಬಾಂವ ಕುಂಟೆತ್ತು ಹೊಡ್ಕೊಂಡು ಬಂದಿದ್ದ!

"ಯಪ್ಪಾ, ನಾ ಆಗೋದು ಆ ಡಾಕ್ಟರ್ ಅಲ್ಲ," ಅಂದೆ.

"ಮತ್ಯಾವ ಡಾಕ್ಟರ್‌ಲೇ?"

"ಬ್ಯಾನಿ ಬಗ್ಗೆ ಪುಸ್ತಕ ಬರದು ಆಗೋ ಡಾಕ್ಟರ್."

"ಪುಸ್ತಕ ಬರದ್ರ ಬ್ಯಾನಿ ಹೋಗ್ತದೇನು?"

"ಹೋಗಂಗಿಲ್ಲ."

"ಮತ್ಯಾಕ ಬರೀತಿಲೇ ಹಣಮ್ಯಾ?"

ಮುಂದ ದೊಡ್ಡ ದೊಡ್ಡ ಪರೀಕ್ಷಕರು ನನ್ನ ಕುಂದರಿಸಿಕೊಂಡು ಏನೇನೋ ಕೇಳಿದ್ರು, ಇಷ್ಟು ಕಠಿಣ ಪ್ರಶ್ನಿ ಯಾರೂ ಕೇಳಲಿಲ್ಲ. ಕಡೀಕ ಎತ್ತಿಗಿ ದನದ ದವಾಖಾನಿ ತೋರಿಸಿ, ಹಮಾಲರಿಗಿ ಚಾ ಕುಡಿಸಿ ಕಳಿಸಿದೆ.

ನಾ ಹಿಡದ ವಿಷಯ ನಾರುಹುಣ್ಣು. ಈಗಿನ ಹುಡುಗರಿಗಿ ಅದು ಗೊತ್ತಿಲ್ಲ, ಗೊತ್ತಿಲ್ಲದ್ದು ಅವರ ಪುಣ್ಯ. ಆವಾಗ ನಮ್ಮ ಕಡಿ ಹಳ್ಳಿಗಳಾಗ ಪಾವಟಿಗಿ ಬಾವಿ, ಅಂದ್ರ ಮೆಟ್ಟಲ ಬಾವಿ ಇರತಿದ್ವು. ಹಗ್ಗ ಇಲ್ಲ, ಗಡಗಡಿ ಇಲ್ಲ. ಪಾವಟಿಗಿ ಇಳದು, ಮೊಣಕಾಲ ಮಟ ನೀರಾಗ ನಿಂತು ಕೊಡ ಮುಳುಗಿಸೋದು. ಕಾಲಾಗ ನಾರು ಎದ್ದಾಂವ ಹಂಗ ನಿಂತ್ರ ಆ ನಾರು ನೀರಾಗ ಮರಿ ಬಿಡ್ತದ. ಮರಿಗಳ್ನ ನೀರಾಗಿನ ಒಂದು ಸಣ್ಣ ಹುಳ ನುಂಗ್ತದ, ಆ ಹುಳಾನ ನಾವು ನೀರಿನ ಜೋಡಿ ನುಂಗ್ತೀವಿ. ಸುಮಾರು ಒಂದು ವರ್ಷಕ್ಕ ಕಾಲಾಗ ಬೊಕ್ಕಿ ಎದ್ದು, ಒಡದು, ಬಿಳೀ ದಾರದಂಥಾ ನಾರು ತಲಿ ಹೊರಗ ಹಾಕ್ತದ. ಜಗ್ಗಿದ್ರ ಹರೀತದ, ಹರದ್ರ ಕಾಲು ಬಾತು ಮನುಷ್ಯ ಹಾಸಿಗಿ ಹಿಡೀತಾನ. ಅದಕ್ಕ ಕಡ್ಡಿಗಿ ಸುತ್ತಿ ದಿನಾ ಒಂದೀಟ ಒಂದೀಟ ಎಳೀಬೇಕು. ಇನ್ನೇನು ಬಿತ್ತಗಿ ಬಂತು ಅನ್ನೂದ್ರಾಗ ಅರ್ಧ ಊರು ಕಟ್ಟಿ ಮ್ಯಾಲ ಕುಂತು ಕಡ್ಡಿ ಸುತ್ತತಿತ್ತು.

ಇದಕ್ಕ ಗುಳಿಗಿ ಇಲ್ಲ, ಸೂಜಿ ಇಲ್ಲ. ಆದ್ರ ಅರಬಿ ಎರಡು ಮಡಿಕಿ ಮಾಡಿ ಕೊಡದ ಬಾಯಿಗಿ ಕಟ್ಟಿ ನೀರು ಸೋಸಿದ್ರ ಹುಳ ಅರಬ್ಯಾಗ ಉಳೀತದ. ಅಷ್ಟ. ಇಷ್ಟು ಸಸಾರ ಇದ್ದದ್ದನ್ನ ಪಿಎಚ್.ಡಿ. ಅಂತ ಯಾರೂ ಒಪ್ಪಂಗಿಲ್ಲ, ಅದನ್ನ ಕಠಿಣ ಮಾಡಾಕಂತ ಗೈಡ್ ಇರ್ತಾರ.

ನಮ್ಮ ಗೈಡ್ ಸಾಹೇಬ್ರು ಮೈಸೂರು ಕಡಿಯವ್ರು. ಮಾತು ಬೆಣ್ಣಿ, ಅಂಗಿ ಸದಾ ಇಸ್ತ್ರಿ. ದೂರದ ಊರಾಗಿನ ಯೂನಿವರ್ಸಿಟಿ ಬಿಟ್ಟು ರಾಯಚೂರು ಬಿಸಲಿಗಿ ಬರಾಕ ಒಲ್ಲೆ ಅಂತಿದ್ರು. ಕುಂತಲ್ಲೇ ನನ್ನ ಕೆಲಸ ಗೊತ್ತು ಮಾಡಿದ್ರು.

"ನೋಡಿ ಹನುಮಂತಪ್ಪ, ಒಂದು ಹಳ್ಳಿಯಲ್ಲಿ ಸೋಸುವ ಬಟ್ಟೆ ಕೊಡಿ, ತಿಳಿವಳಿಕೆ ಹೇಳಿ. ಇನ್ನೊಂದು ಹಳ್ಳಿಯಲ್ಲಿ ಏನನ್ನೂ ಕೊಡಬೇಡಿ, ಏನನ್ನೂ ಹೇಳಬೇಡಿ. ಹುಣ್ಣು ಎಣಿಸಿಕೊಂಡು ಬನ್ನಿ, ಸಾಕು. ಎರಡೂ ಹಳ್ಳಿಗಳ ನಡುವೆ ಯಾವ ಸಂಪರ್ಕವೂ ಇರಕೂಡದು. ಕೊನೆಗೆ ಕಾಣುವ ವ್ಯತ್ಯಾಸವೇ ನಿಮ್ಮ ಪಿಎಚ್.ಡಿ."

"ಆ ಎರಡನೇ ಊರಾಗ ಒಂದು ಮಾತೂ ಹೇಳಬಾರದೇನ್ರೀ ಸರ್?"

"ಪ್ರಬಂಧ ಮುಗಿದ ಮೇಲೆ ಎಷ್ಟು ಬೇಕಾದರೂ ಹೇಳಿ. ಭಾಷಣವನ್ನೇ ಮಾಡಿ."

ನಕಾಶಿ ಹಾಸಿಕೊಂಡು ಕುಂತೆ. ದೇವದುರ್ಗದ ಕಡಿ, ಅರಕೇರಾ ದಾಟಿ ಒಂದು ಊರು ಸಿಕ್ತು. ಮಾನ್ವಿ ಕಡಿ, ಕವಿತಾಳ ದಾಟಿ ಇನ್ನೊಂದು ಸಿಕ್ತು. ನಡುವ ಬಸ್ಸಿಲ್ಲ, ಪಕ್ಕಾ ಸಡಕಿಲ್ಲ, ಸಂತಿನೂ ಬ್ಯಾರೆ ಬ್ಯಾರೆ. "ಸಂಪರ್ಕವಿಲ್ಲ" ಅಂತ ಕೆಂಪು ಶಾಯಿಲೆ ಬರದು ಕೆಳಗ ಗೆರಿ ಎಳದೆ. ಆ ಊರುಗಳ ಹೆಸರು ಮಾತ್ರ ಇಲ್ಲಿ ಬರಿಯಂಗಿಲ್ಲ. ಅಲ್ಲಿ ಬೀಗರ ಜಿದ್ದು ಇನ್ನಾ ಮುಗದಿಲ್ಲ, ನಡುವ ನಾ ಸಿಗೋದು ಬ್ಯಾಡ.

ದೇವದುರ್ಗದ ಊರಿಗಿ ಮೊದಲನೇ ಸಲ ಹೋದಾಗ ಎದುರಿಗಿ ಬಂದಾಕಿ ಗೌಡ್ತಿ ಶಂಕ್ರವ್ವ. ಹಣಿ ತುಂಬ ವಿಭೂತಿ, ಕೊಳ್ಳಾಗ ಲಿಂಗ, ಬಾಯಾಗ ಎಲಿ ಅಡಕಿ. ಊರಿನ ಹೆಂಗಸರೆಲ್ಲ ಆಕಿ ಮಾತಿಗಿ ಹೂಂ ಅಂತಿದ್ರು, ಗಂಡಸರು ಅಂಜಿ ಹೂಂ ಅಂತಿದ್ರು.

"ಯಾರ ಪೈಕಿ ತಮ್ಮಾ ನೀನು?" ಅಂತ ಕೇಳಿದ್ಲು. ನಮ್ಮ ಕಡಿ ಈ ಪ್ರಶ್ನಿ ಕೇಳಿದ್ರ ಜಾತಿ ಕೇಳಿದಂಗ. ಹಮಾಲನ ಮಗ ನಾನು, ಇದನ್ನ ಭಾಳ ಸಲ ಕೇಳಿಸಿಕೊಂಡೀನಿ.

"ಯೂನಿವರ್ಸಿಟಿ ಪೈಕಿ, ಯವ್ವಾ," ಅಂದೆ.

ಆಕಿ ಕಣ್ಣು ಸಣ್ಣ ಮಾಡಿ ನೋಡಿ, ಗೊಳ್ಳಂತ ನಕ್ಕಳು. "ಆ ಪೈಕಿ ನಮ್ಮೂರಾಗ ಯಾರೂ ಇಲ್ಲಪಾ. ಬಾ, ಕುಂದ್ರು."

ಬಾವಿ ನೀರು ಒಂದು ಗಿಲಾಸದಾಗ ಹಿಡದು, ಬಿಸಲಿಗಿ ಒಡ್ಡಿ, ಭೂತಗನ್ನಡಿ ಕೊಟ್ಟೆ. ಹುಳ ಪುಟುಪುಟು ಜಿಗೀತಿದ್ವು. ಶಂಕ್ರವ್ವ ನೋಡಿ, "ಅಯ್ಯ ಶಿವನ! ಇಷ್ಟು ದಿನ ಇವನ್ನ ಜೀವಂತ ಕುಡದೇವೇನು?" ಅಂತ ಥೂ ಥೂ ಅಂದ್ಲು. ಸರಕಾರದವ್ರು ಊರ ಮುಂದ ಬೋರಿಂಗ್ ಹಾಕಿದ್ರು, ಅದರ ನೀರು ಯಾಕ ಒಯ್ಯಂಗಿಲ್ಲ ಅಂತ ಕೇಳಿದೆ. "ಅದು ಗಡಸ ನೀರು ತಮ್ಮಾ, ಬ್ಯಾಳಿ ಕುದಿಯಂಗಿಲ್ಲ. ಬ್ಯಾಳಿ ಕುದೀದಿದ್ರ ಗಂಡ ಕುದೀತಾನ," ಅಂದ್ಲು. ಹೆಂಗಸರೆಲ್ಲ ಸೆರಗು ಬಾಯಿಗಿ ಹಚ್ಚಿ ನಕ್ಕರು. ಬಾವಿ ನೀರ ಬೇಕು ಅಂದ್ರ ಸೋಸಿ ಕುಡೀರಿ ಅಂದೆ, ಎಲ್ಲಾರೂ ಹೂಂ ಅಂದ್ರು.

ಮುಂದಿನ ಸಲ ರಾಯಚೂರಿಂದ ಹಾಲಿನಂಥಾ ಬಿಳೀ ಅರಬಿ ತಂದು, ಮನಿಗೊಂದು ತುಂಡು ಹಂಚಿದೆ. ಶಂಕ್ರವ್ವ ಸುಮ್ನ ಹಂಚಾಕ ಬಿಡಲಿಲ್ಲ. ಎಲ್ಲಾ ಹೆಂಗಸರನ್ನ ಗುಡಿ ಕಟ್ಟಿಗಿ ಕರಿಸಿ, ತುದಿಗಿ ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿದಂಗ ಒಬ್ಬೊಬ್ಬರ ಸೆರಗಿಗಿ ಹಾಕಿದ್ಲು. ನಾ ಉಬ್ಬಿ ಕುಂಬಳಕಾಯಿ ಆಗಿ, ಎದ್ದು ನಿಂತು ಭಾಷಣ ಹೊಡದೆ: "ಯವ್ವಗಳ್ರಾ, ಇದು ಭಾಳ ಚಲೋ ಅರಬಿ. ಸ್ವಚ್ಛ ಇಡ್ರಿ. ಇದರ ಮ್ಯಾಲ ಒಂದು ಕಲಿ ಬೀಳಬಾರದು!" ಈ ಮಾತು ನೆಪ್ಪಿಡ್ರಿ. ಮುಂದ ನನ್ನ ಕೊಳ್ಳಿಗಿ ಬಿದ್ದದ್ದು ಇದ.

ಆವಾಗ ನಮ್ಮ ಪ್ರಯೋಗಶಾಲಿ ಅಂದ್ರ ಒಂದು ಕೈಚೀಲ. ಬಾವಿ ನೀರು ತುಂಬಾಕ ಬಾಟ್ಲಿ ಯೂನಿವರ್ಸಿಟಿ ಕೊಡತಿದ್ದಿಲ್ಲ, ಗುಜರಿ ಅಂಗಡ್ಯಾಗ ಸಿಕ್ಕ ಬಾಟ್ಲಿ ತೊಳದು ಒಯ್ಯತಿದ್ದೆ. ಅವು ಮೊದಲ ಯಾವ ಬಾಟ್ಲಿ ಅಂತ ಕಂಡಕ್ಟರಗ ಮೂಸಿದ್ರ ಗೊತ್ತಾಗತಿತ್ತು. "ಮಾಸ್ತರ್, ಕಾಲೇಜಿನ್ಯಾಗ ಕಲಸ್ತೀರಿ, ಹಿಂಗ ಚೀಲ ತುಂಬ ಒಯ್ಯೋದು ಸರಿ ಅಲ್ಲ," ಅಂತ ಒಬ್ಬಾಂವ ಬುದ್ಧಿ ಹೇಳಿದ್ದ.

ಒಂದಿನ ಬ್ಯಾಸಗ್ಯಾಗ ದೇವದುರ್ಗದಿಂದ ಬರೋ ಬಸ್ಸು ನಡುದಾರ್ಯಾಗ ಕೆಟ್ಟು ನಿಂತಿತು. ನಾ ಇಳದು ಗಿಡದ ನೆರಳಿಗಿ ಹೋಗಿ ಬರೋದ್ರಾಗ ನನ್ನ ಮಗ್ಗಲ ಕುಂತಿದ್ದ ಮುತ್ಯಾ ಒಂದು ಬಾಟ್ಲಿ ಎತ್ತಿ ಗಟಗಟ ಕುಡದು ಮುಗಿಸಿದ್ದ. "ಮುತ್ಯಾ! ಅದು ಸ್ಯಾಂಪಲ್!" ಅಂತ ಚೀರಿದೆ. ಆತ ಮೀಸಿ ಒರಸಿಕೊಂಡು, "ಸ್ಯಾಂಪಲ್ ಅಲ್ಲೋ ಹುಚ್ಚಾ, ಇದು ನಮ್ಮೂರ ಬಾವಿ ನೀರು. ನನಗ ರುಚಿ ಗೊತ್ತಾಗಂಗಿಲ್ಲೇನು?" ಅಂದ. ಹೌದು, ಆತ ಅದ ಊರಾಂವ! ಗೈಡ್ ಸಾಹೇಬ್ರಿಗಿ "ಒಂದು ಮಾದರಿ ಸಾಗಣೆಯಲ್ಲಿ ನಷ್ಟ" ಅಂತ ಬರದು ಕಳಿಸಿದೆ. ಸುಳ್ಳೇನಲ್ಲ.

ಈಗ ಮಾನ್ವಿ ಊರಿನ ಮಾತು. ಅಲ್ಲಿ ನನ್ನ ಕೆಲಸ ಮನಿ ಮನಿಗಿ ಹೋಗಿ, ಮಂದಿ ಕಾಲು ನೋಡಿ, ಹುಣ್ಣು ಎಣಿಸಿ, ಬಾಯಿ ಮುಚ್ಚಿಕೊಂಡು ಬರೋದು. ಅಷ್ಟ ಸಸಾರ ಕೆಲಸ ನನ್ನ ಜೀವಮಾನದಾಗ ಮಾಡಿಲ್ಲ, ಅಷ್ಟು ಜಡ ಕೆಲಸಾನೂ ಮಾಡಿಲ್ಲ. ಅಲ್ಲಿ ಬಸ್ಸಮ್ಮ ಅಂತ ಒಬ್ಬಾಕಿ ಇದ್ಲು, ಎರಡೆತ್ತಿನ ಒಕ್ಕಲುತನ, ಬಾಯಿ ಮಾತ್ರ ನಾಕೆತ್ತಿಂದು. ಆಕಿ ಹಿಮ್ಮಡದಾಗ ನಾರು ಎದ್ದಿತ್ತು. ಬಿತ್ತೋ ಮಳಿ ಬಿದ್ದು, ಎಲ್ಲಾರೂ ಹೊಲಕ್ಕ ಹೋದ್ರ ಆಕಿ ಒಬ್ಬಾಕಿನ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತು ಕಡ್ಡಿ ಸುತ್ತತಿದ್ಲು.

"ಏನಪಾ ಡಾಕ್ಟರಾ, ಬರ್ತಿ, ಕಾಲು ನೋಡ್ತಿ, ಬರಕೋತಿ, ಹೋಗ್ತಿ. ನೀ ಏನು ದನದ ದಲ್ಲಾಳಿ ಏನು? ಅಂವನರ ನೋಡಿ ಒಂದು ರೇಟ್ ಹೇಳ್ತಾನ. ನೀ ಏನೂ ಹೇಳಂಗಿಲ್ಲಲ್ಲೋ!"

ಕೈಯಾಗಿನ ಪೆನ್ನು ಅಲ್ಲೇ ನಿಂತಿತು. "ಸೋಸಿ ಕುಡಿ ಯವ್ವಾ" ಅಂಬೋ ಮೂರು ಮಾತು ನಾಲಿಗಿ ತುದಿಗಿ ಬಂದ್ವು. ಹೇಳಿದ್ರ ಗೈಡ್ ಹೋದ್ರು, ಪಿಎಚ್.ಡಿ. ಹೋಯ್ತು, ಕುರ್ಚಿ ಹೋಯ್ತು. ನುಂಗಿಕೊಂಡೆ. ಅವತ್ತು ಕವಿತಾಳದ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಕುಡದ ಚಾ ಕಹಿ ಆಗಿತ್ತು. ನನಗ ನನ್ನ ಮ್ಯಾಲ ಹೇಸಿಗಿ ಬಂದಿತ್ತು, ಮುಚ್ಚಿಟ್ಟು ಏನು ಮಾಡ್ಲಿ.

ಅರಬಿ ಕೊಟ್ಟು ಒಂದು ವರ್ಷ ಕಳೀತು. ಕುಡದ ನೀರಿನ ಫಲ ಕಾಲಾಗ ಕಾಣೋ ಹೊತ್ತು ಬಂತು. ಎರಡೂ ಊರು ತಿರುಗಿ ಕಾಲು ಎಣಿಸಿದೆ. ಎಣಿಸಿ, ಹಾಳಿ ಮುಂದಿಟ್ಟುಕೊಂಡು ಕಣ್ಣು ಉಜ್ಜಿಕೊಂಡೆ. ಅರಬಿ ಕೊಟ್ಟ ದೇವದುರ್ಗದ ಊರಾಗ ನಾರು ಹೋದ ವರ್ಷದಷ್ಟ ಅದ. ಏನೂ ಕೊಡದ ಮಾನ್ವಿ ಊರಾಗ ಬೆರಳೆಣಿಕಿ ಮಂದಿಗಿ! ಹಾಳಿ ಅದಲು ಬದಲು ಆಗ್ಯಾವ ಅಂತ ಮತ್ತ ಎರಡೂ ಊರಿಗಿ ಹೋಗಿ ಮೊದಲಿಂದ ಎಣಿಸಿದೆ. ಮಂದಿ, "ಪಾಪ, ಬಿಸಲಿಗಿ ತಲಿ ಕೆಟ್ಟದ" ಅಂತ ಮಜ್ಜಿಗಿ ಕೊಟ್ರು. ಲೆಕ್ಕ ಮಾತ್ರ ಬದಲಾಗಲಿಲ್ಲ.

ಗೈಡ್ ಸಾಹೇಬ್ರು ಹಾಳಿ ನೋಡಿ ಕನ್ನಡಕ ತಗದು ಮೇಜಿನ ಮ್ಯಾಲ ಇಟ್ರು. ಅವರಿಗಿ ಸಿಟ್ಟು ಬಂದ್ರೂ ದನಿ ಏರತಿದ್ದಿಲ್ಲ, ಅದಕ್ಕ ಹೆಚ್ಚಿಗಿ ಹೆದರಿಕಿ.

"ಏನ್ರೀ ಹನುಮಂತಪ್ಪ, ಬಟ್ಟೆ ಕೊಟ್ಟ ಊರಿನಲ್ಲಿ ರೋಗ ಇದೆ, ಕೊಡದ ಊರಿನಲ್ಲಿ ಇಲ್ಲ. ಸೋಸುವ ಬಟ್ಟೆಯಿಂದಲೇ ನಾರುಹುಣ್ಣು ಬರುತ್ತೆ ಅಂತ ತೀರ್ಮಾನ ಬರೆಯೋಣವೇ? ಜಗತ್ತಿನಲ್ಲಿ ಮೊದಲಿಗರಾಗುತ್ತೀರಿ."

"ಏನೋ ಗಲತಿ ಆಗ್ಯದ್ರಿ ಸರ್. ಆ ಊರಾಗ ಸೋಸೋದು ನಾನ ಕಣ್ಣಾರೆ ನೋಡೀನಿ. ಹೋದಾಗೊಮ್ಮೆ ನನ್ನ ಮುಂದ ಸೋಸಿ ನೀರು ಕೊಡ್ತಾರ."

"ಹಾಗಾದರೆ ಹೋಗಿ ಕಂಡುಹಿಡಿಯಿರಿ. ಇಲ್ಲದಿದ್ದರೆ ಬೇರೆ ವಿಷಯ, ಅಥವಾ ಬೇರೆ ಗೈಡು."

ಸೀದಾ ಶಂಕ್ರವ್ವನ ಮನಿಗಿ ಹೋದೆ. ಪ್ರತಿ ಸಲ ಹೊಸ್ತಲದಾಗ ಕೆಮ್ಮಿ, ಕಟ್ಟಿ ಮ್ಯಾಲ ಕುಂತು, ಕರದ ಮ್ಯಾಲ ಒಳಗ ಹೋಗತಿದ್ದೆ. ಅವತ್ತು ತಲಿ ಕೆಟ್ಟಿತ್ತಲ್ಲ, ಕೆಮ್ಮದನ ನಡುಮನಿಗಿ ನುಗ್ಗಿದೆ. ಶಂಕ್ರವ್ವ ಕೊಡದಾಗ ತಂಬಿಗಿ ಅದ್ದಿ, ಸೀದಾ ಬಾಯಿಗಿ ಎತ್ತಿದ್ಲು. ಕೊಡದ ಬಾಯಿ ಬರಿದು, ಅರಬಿ ಇಲ್ಲ, ಏನೂ ಇಲ್ಲ. ನನ್ನ ನೋಡಿದಾಕಿ ಕೆಮ್ಮಿ ನೀರು ಉಗುಳಿ, ಒಳಗ ಸೊಸಿಗಿ ಕೂಗಿದ್ಲು: "ಏ ಪಾರಿ, ಟ್ರಂಕು ತಗಿ ಬೇ! ಡಾಕ್ಟರ್ ಬಂದಾರ!"

ಸೊಸಿ ಪಾರ್ವತಿ ಟ್ರಂಕು ತಗದು, ಮದವಿ ಸೀರಿ ಕೆಳಗಿಂದ ಅರಬಿ ಹೊರಗ ತಗದ್ಲು. ಕಲಿ ಒಂದೂ ಇಲ್ಲ, ಮಡಿಕಿ ನೆಟ್ಟಗ ಅದ. ಅರಿಷಿಣ ಕುಂಕುಮ ಹಚ್ಚಿದ್ದು ಹಚ್ಚಿದಂಗ ಅದ. ನುಸಿ ಹತ್ತದಂಗ ಇಟ್ಟ ಡಾಂಬರ ಗುಳಿಗಿ ಘಂ ಅಂತ ವಾಸನಿ.

"ಯವ್ವಾ, ಇದರಾಗ ದಿನಾ ಸೋಸಂಗಿಲ್ಲೇನು?"

"ದಿನಾ ಸೋಸಿದ್ರ ಹೊಲಸ ಆಗಂಗಿಲ್ಲೇನಪಾ? ಒಂದು ಕಲಿ ಬೀಳಬಾರದು ಅಂತ ನೀನ ಗುಡಿ ಮುಂದ ಚೀರಿ ಚೀರಿ ಹೇಳಿದ್ದಿ. ಅದಕ್ಕ ಜ್ವಾಕಿ ಇಟ್ಟೀವಿ, ಎಲ್ಲಾರ ಮನ್ಯಾಗೂ ಹಂಗ ಅದ. ನಿನ್ನಂಥಾವ್ರು ಬಂದ್ರ ತಗೀತೀವಿ, ಬೀಗರು ಬಂದ್ರ ತಗೀತೀವಿ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ಹಮಾಲನ ಮಗನಿಗಿ ಗೌಡ್ತಿ ಬೀಗರ ಸರಿಸಮ ಟ್ರಂಕು ತಗಸ್ಯಾಳ, ಅದು ಖುಷಿ. ಆ ಟ್ರಂಕಿನ್ಯಾಗ ನನ್ನ ಪಿಎಚ್.ಡಿ. ಉಸಿರುಗಟ್ಟಿ ಸತ್ತದ, ಅದು ಸಂಕಟ. "ಯಾವ ಬೀಗರು ಯವ್ವಾ?" ಅಂತ ಸುಮ್ನ ಕೇಳಿದೆ.

"ನಮ್ಮ ಮಗಳ್ನ ಮಾನ್ವಿ ಕಡಿ ಕೊಟ್ಟೀವಲ್ಲ, ಆ ಬೀಗರು. ನಮ್ಮೂರ ಹುಡುಗೇರೆಲ್ಲ ಭಾಳ ಮಾಡಿ ಆ ಊರಾಗ ಅದಾರ. ಹೋದ ವರ್ಷ ನಮ್ಮ ಬೀಗ್ತಿ ಬಸ್ಸಮ್ಮ ಬಂದಿದ್ಲು. ಆಕಿ ಮುಂದ ಈ ಅರಬಿ ಹಾಸಿ, ಸೋಸಿ ನೀರು ಕೊಟ್ಟೆ ನೋಡು, ಮಾರಿ ಹುಳ್ಳಗ ಆತು. ನೀನು ಹೇಳಿದ್ದೆಲ್ಲ ಆಕಿಗಿ ಹೇಳಿದೆ. ಭೂತಗನ್ನಡಿ ಕಥಿನೂ ಹೇಳಿದೆ."

ಬಸ್ಸಮ್ಮ! ಕೆಂಪು ಶಾಯಿಲೆ ಬರದ "ಸಂಪರ್ಕವಿಲ್ಲ" ಕಣ್ಣ ಮುಂದ ಬಂತು. ನಕಾಶಿದಾಗ ಸಡಕು ಕಾಣ್ತದ, ಹಳ್ಳ ಕಾಣ್ತದ. ಸೋಯರಿಕಿ ಕಾಣಂಗಿಲ್ಲ. ಬಸ್ಸಿಲ್ಲದಿದ್ರ ಬಂಡಿ ಹೂಡಿಕೊಂಡು ಹೋಗ್ತಾರ ಅಂಬೋದು ಹಳ್ಳಿ ನೋಡಿ ಬೆಳದ ನನಗ ಹೊಳೀಬಾರದೇನು? ಓದು ಹೆಚ್ಚಾದ್ರ ಹಿಂಗ ಆಗ್ತದ.

ಮರುದಿನ ಮಾನ್ವಿ ಊರಿಗಿ ಓಡಿದೆ. ಬಸ್ಸಮ್ಮನ ಅಂಗಳದಾಗ ಕೊಡಗಳ ಸಾಲು, ಎಲ್ಲದರ ಬಾಯಿಗೂ ಗಂಡನ ಹಳೇ ಧೋತರದ ತುಂಡು ಎರಡು ಮಡಿಕಿ ಮಾಡಿ ಕಟ್ಟಿತ್ತು. ನಾ ಎಷ್ಟು ಸಲ ಬಂದೀನಿ, ಮಂದಿ ಕಾಲು ಬಿಟ್ಟು ಕೊಡ ನೋಡಿದ್ರ ಅಲ್ಲ!

"ಏನ್ ಯವ್ವಾ ಇದು?"

"ಏನು ಅಂದ್ರ? ಆಕಿ ಶಂಕ್ರವ್ವ ನನ್ನ ಮುಂದ ಸೋಸಿ ಸೋಸಿ ಕೊಡ್ತಾಳ, ನಾವೇನು ಹಳ್ಳದ ನೀರು ಕುಡ್ಯೋ ಮಂದಿ ಏನು? ಬೀಗರು ಹೇಳಿ ಬರ್ತಾರೇನು? ಯಾವಾಗ ಬಂದು ಕೊಡ ನೋಡ್ತಾರೋ, ಅದಕ್ಕ ದಿನಾ ಸೋಸ್ತೀವಿ. ಆಕಿ ಬೀಗರಿಗಿ ಸೋಸಿದ್ರ ನಾ ನಾಯಿಗೂ ಸೋಸಿ ಹಾಕ್ತೀನಿ, ಹೋಗಿ ಹೇಳು!" ಅಂದು, ಕಾಲು ಮುಂದ ಚಾಚಿದ್ಲು. "ಈ ವರ್ಷ ನನಗ ನಾರು ಏಳಲಿಲ್ಲ ನೋಡಪಾ. ಹೊಲ ನಾನ ಬಿತ್ತಿದೆ. ನೀ ಅಂತೂ ಹೇಳಲಿಲ್ಲ, ಬೀಗ್ತಿ ಹೇಳಿದ್ಲು."

ಅಂದ್ರ ನಾ ಅರಬಿ ಕೊಟ್ಟ ಊರು ಸ್ವಚ್ಛ ಇಡಾಕ ಹೋಗಿ ಹುಳ ಕುಡೀತಿತ್ತು. ಕೊಡದ ಊರು ಜಿದ್ದಿಗಿ ಬಿದ್ದು ಬಚಾವಾಗಿತ್ತು.

ಗೈಡ್ ಸಾಹೇಬ್ರಿಗಿ ಎಲ್ಲಾ ಹೇಳಿದೆ. ಅವರು ನಗಲಿಲ್ಲ. "ಎರಡೂ ಹಳ್ಳಿ ಕೆಟ್ಟವು. ದೂರದಲ್ಲಿ ಮೂರನೆಯದನ್ನು ಹುಡುಕಿ. ಯಾರಿಗೂ ಏನೂ ಹೇಳದೆ ಮತ್ತೆ ಎಣಿಸಿ," ಅಂದ್ರು. ಬಸ್ಸಮ್ಮ ಕಾಲು ಚಾಚಿ ಕುಂತದ್ದು ಕಣ್ಣಾಗ ಬಂತು. "ಸರ್, ಇನ್ನೊಂದು ಊರಿಗಿ ಹೋಗಿ ಕಾಲು ನೋಡಿ ಸುಮ್ನ ಬರೋದು ನನ್ನ ಕೈಲೆ ಆಗಂಗಿಲ್ರಿ. ನಡದದ್ದು ನಡದಂಗ ಬರೀತೀನಿ," ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಏನೋ.

"ಇದು ಪರಿಸರ ಆರೋಗ್ಯವೋ, ಮದುವೆ ದಲ್ಲಾಳಿತನವೋ? ಆಗಲಿ, ನೀವುಂಟು, ನಿಮ್ಮ ಪರೀಕ್ಷಕರುಂಟು."

ಮೊದಲ ಶಂಕ್ರವ್ವನ ಊರಿಗಿ ಹೋಗಿ, ಬಸ್ಸಮ್ಮನ ನಾಯಿ ಸೋಸಿದ ನೀರು ಕುಡೀತದ ಅಂತ ಒಂದ ಮಾತು ಹೇಳಿ ಬಂದೆ. ಅದಕ್ಕಿಂತ ದೊಡ್ಡ ಭಾಷಣ ನಾ ಮುಂದೂ ಮಾಡಿಲ್ಲ. ಶಂಕ್ರವ್ವ ಎಲಿ ಅಡಕಿ ಉಗುಳಿ ಎದ್ದು ನಿಂತ್ಲು, ಅವತ್ತ ಊರ ಟ್ರಂಕೆಲ್ಲ ತಗದ್ವು ಅಂತ ಆಮ್ಯಾಲ ಕೇಳಿದೆ. ಅದರ ಮುಂದಿನ ವರ್ಷ ಅಲ್ಲೂ ನಾರು ಇಳೀತು. ನಾ ಯಾವ ಮನಿ ಮಗಳು ಯಾವ ಮನಿ ಸೊಸಿ ಅಂತ ಚಿತ್ರ ಬರದು, ಸೋಸೋ ರೂಢಿ ಹೆಂಗ ಹಾದು ಹೋಯ್ತು ತೋರಿಸಿ, ಪ್ರಬಂಧ ಮುಗಿಸಿದೆ. ಟೈಪ್ ಮಾಡೋ ಹುಡುಗ "ಸರ್, ಇದು ಪಿಎಚ್.ಡಿ.ನೋ ಲಗ್ನಪತ್ರಿಕಿನೋ?" ಅಂತ ಕೇಳಿದ.

ಹೊರಗಿನ ಪರೀಕ್ಷಕರು ಹೈದರಾಬಾದ ಕಡಿಯಿಂದ ಬಂದ್ರು, ವಯಸ್ಸಾದವ್ರು, ತೆಲುಗು ಬೆರೆಸಿ ಕನ್ನಡ ಮಾತಾಡೋವ್ರು. "ಬೀಗರ ಜಿದ್ದಿಗೆ ರೋಗ ಹೋಯ್ತು ಅಂತೀರಿ. ಕಾಗದ ನಂಬಲ್ಲ ನಾನು. ಆ ದೇವದುರ್ಗದ ಊರು ತೋರಿಸಿ, ಹೇಳದೇ ಹೋಗೋಣ. ದಿನಾ ಸೋಸ್ತಾ ಇದ್ರೆ ಸಹಿ ಹಾಕ್ತೀನಿ, ಇಲ್ಲಾಂದ್ರೆ ಇಲ್ಲ," ಅಂದ್ರು. ಗೈಡ್ ಸಾಹೇಬ್ರೂ ಮೊದಲನೇ ಸಲ ಬಿಸಲಿಗಿ ಬಂದ್ರು, ತಲಿ ಮ್ಯಾಲ ಕರ್ಚೀಫ್ ಹಾಕ್ಕೊಂಡು.

ಜೀಪು ಅರಕೇರಾ ದಾಟಿದ ಮ್ಯಾಲ ನನಗ ಒಂದು ಮಾತು ಹೊಳೀತು. ದಿನಾ ಯಾವ ಹಳೇ ತುಂಡಿನ್ಯಾಗ ಸೋಸಿದ್ರೂ, ದೊಡ್ಡ ಮಂದಿ ಬಂದಾರ ಅಂತ ಶಂಕ್ರವ್ವ ಟ್ರಂಕು ತಗಸ್ತಾಳ! ಕಲಿ ಇಲ್ಲದ ಅರಬಿ, ಡಾಂಬರ ಗುಳಿಗಿ ವಾಸನಿ. ಅದನ್ನ ಮೂಸಿದ್ರ ಮುಗೀತು, ಈ ಊರಾಗ ಯಾರೂ ಸೋಸಂಗಿಲ್ಲ ಅಂತ ಕುರುಡನೂ ಹೇಳ್ತಾನ. ಶಿವನೇ, ಇವತ್ತೊಂದಿನ ಈ ಊರಾಗ ನಮಗ ಯಾರೂ ಮರ್ಯಾದಿ ಮಾಡದಂಗ ನೋಡ್ಕೊಳಪಾ ಅಂತ ಬೇಡಿಕೊಂಡೆ.

ಶಂಕ್ರವ್ವ ಗೈಡ್ ಸಾಹೇಬ್ರ ಇಸ್ತ್ರಿ ಅಂಗಿ ನೋಡಿ, "ಇವ್ರು ಯಾರ ಪೈಕಿ?" ಅಂತ ಕೇಳಿದ್ಲು. ಅವರು ಬಾಯಿ ತಗಿಯೋದ್ರಾಗ ನಾ, "ಇವ್ರೂ ನಮ್ಮ ಪೈಕಿ ಯವ್ವಾ," ಅಂದೆ. ಆಕಿ ಖುಷಿಲೆ ಒಳಗ ತಿರುಗಿ ಕೂಗಿದ್ಲು: "ಏ ಪಾರಿ, ಟ್ರಂಕು ತಗಿ ಬೇ! ಬೀಗರಿಗಿಂತ ದೊಡ್ಡ ಮಂದಿ ಬಂದಾರ!"

ನನ್ನ ಪಿಎಚ್.ಡಿ., ಕುರ್ಚಿ, ಅಪ್ಪನ ಡಂಗುರ ಎಲ್ಲಾ ಒಮ್ಮೆಲೆ ಕೆಳಗ ಬಿದ್ದಂಗಾತು.

ಪಾರ್ವತಿ ಬಾಗಲದಾಗ ತಲಿ ಹಾಕಿ, "ಟ್ರಂಕಿನ್ಯಾಗ ಎಲ್ಲಿ ಅದ ಅತ್ತೀ? ಕೊಡದ ಬಾಯಿಗಿ ಅದ ಅಲಾ," ಅಂದ್ಲು. ಅಂದು, ಕೊಡ ಬಗಲಾಗ ಇಟ್ಟುಕೊಂಡ ಹೊರಗ ಬಂದ್ಲು.

ಆ ಅರಬಿ ನೋಡಬೇಕಿತ್ತು ನೀವು. ಹಾಲಿನಂಥಾದ್ದು ಕೆಮ್ಮಣ್ಣಿನ ಬಣ್ಣ ಆಗಿತ್ತು. ಒಂದು ಕಡಿ ಹರದಲ್ಲಿ ನೀಲಿ ಸೀರಿ ತ್ಯಾಪಿ ಹಚ್ಚಿತ್ತು. ಅರಿಷಿಣ ಇಲ್ಲ, ಕುಂಕುಮ ಇಲ್ಲ, ಬಾವಿ ಪಾಚಿ ವಾಸನಿ. ಶಂಕ್ರವ್ವ ಹಣಿ ಹಣಿ ಬಡಕೊಂಡ್ಲು. "ದೊಡ್ಡಾವ್ರ ಮುಂದ ಈ ಹೊಲಸ ಅರಬಿ ತಂದು ನನ್ನ ಇಜ್ಜತ್ ತಗದಿ ಅಲಾ ಬೇ! ತಡೀರಿ ಸಾಹೇಬ್ರ, ಪ್ಯಾಟಿಗಿ ಕಳಿಸಿ ಹೊಸಾದ್ದು ತರಸ್ತೀನಿ."

"ಬ್ಯಾಡವ್ವಾ! ನಿನ್ನ ಕಾಲು ಬೀಳ್ತೀನಿ, ಇದ ಇರ್ಲಿ!" ಅಂದೆ. ಹೊಲಸ ಅರಬಿ ನೋಡಿ ಕಣ್ಣಾಗ ನೀರು ತಂದಾಂವ ನಾನೊಬ್ಬನ ಇರಬೇಕು.

ಪಾರ್ವತಿ ನೀರು ಸೋಸಿದ ಮ್ಯಾಲ ಪರೀಕ್ಷಕರು ಆ ಅರಬಿ ಕೈಯಾಗ ಹಿಡದು, ನನ್ನ ಭೂತಗನ್ನಡಿ ಇಸಗೊಂಡು ನೋಡಿದ್ರು. ಹುಳ ಅರಬಿ ಮ್ಯಾಲ ಜಿಗೀತಿದ್ವು. ತ್ಯಾಪಿ ಮ್ಯಾಲ ಬೆರಳಾಡಿಸಿ, ತಂಬಿಗಿ ಎತ್ತಿ ನೀರು ಕುಡದ್ರು. ಕುಡದು, ತಂಬಿಗಿ ಗೈಡ್ ಸಾಹೇಬ್ರ ಕೈಗಿ ಕೊಟ್ರು. ಅವರು ಒಮ್ಮೆ ಅರಬಿ ನೋಡಿ, ಒಮ್ಮೆ ನನ್ನ ನೋಡಿ, ಕಣ್ಣು ಮುಚ್ಚಿ ಗಟಗಟ ಇಳಿಸಿದ್ರು. "ಪರವಾಗಿಲ್ಲ ಹನುಮಂತಪ್ಪ," ಅಂದ್ರು. ನೀರಿನ ಮಾತೋ ಪ್ರಬಂಧದ ಮಾತೋ ನಾ ಕೇಳಲಿಲ್ಲ. ಜೀಪಿನ್ಯಾಗ ಕುಂತ ಪರೀಕ್ಷಕರು ಸಹಿ ಹಾಕಿದ್ರು.

ಸರ್ಟಿಫಿಕೇಟ್ ಕೈಗಿ ಬಂದ ದಿನ ಅಪ್ಪನ ಕೈಯಾಗ ಇಟ್ಟೆ. ಓದಾಕ ಬರತಿದ್ದಿಲ್ಲ, ಚೀಲದ ತೂಕ ನೋಡಿದಂಗ ಎತ್ತಿ ನೋಡಿದ. "ಹಗೂರ ಅದಲೇ," ಅಂದ. ಆದ್ರ ಆ ದಿನ ಗಂಜ್‌ನ್ಯಾಗ ಆತ ಬೆನ್ನು ಬಾಗಿಸದನ ಚೀಲ ಹೊತ್ತ ಅಂತ ಹಮಾಲರು ಈಗೂ ಹೇಳ್ತಾರ.

ವಾರ ಬಿಟ್ಟು ಪ್ರಿನ್ಸಿಪಾಲರು ಕಾಯಂ ಮಾಡಾಕ ಸರ್ಟಿಫಿಕೇಟ್ ತಾ ಅಂದ್ರು. ಮನಿಯೆಲ್ಲ ಹುಡುಕಿದೆ, ಸಿಗವಲ್ದು. ಮಾಡ, ಮೂಲಿ, ಹಾಸಿಗಿ ಕೆಳಗ, ಎಲ್ಲೂ ಇಲ್ಲ. ಕಡೀಕ ಅವ್ವ ಟ್ರಂಕು ತಗದು, ತನ್ನ ಮದವಿ ಸೀರಿ ಕೆಳಗಿಂದ ಹೊರಗ ತಗದ್ಲು, ಅಪ್ಪ ಇಟ್ಟಿದ್ದನಂತ. ಡಾಂಬರ ಗುಳಿಗಿ ಘಂ ಅಂತು.

"ಯಪ್ಪಾ, ಇಲ್ಯಾಕ ಇಟ್ಟಿ ಇದನ್ನ?"

"ಹೊರಗಿಟ್ರ ಹೊಲಸ ಆಗಂಗಿಲ್ಲೇನ್ಲೇ? ನಾಳೆ ನಿನಗ ಹೆಣ್ಣು ಕೊಡಾಕ ಬೀಗರು ಬಂದಾಗ ತಗದು ತೋರಸೋಣ ಅಂತ ಇಟ್ಟೀನಿ."

ನಾ ಸರ್ಟಿಫಿಕೇಟ್ ತಗೊಂಡು ಅಂಗಿ ಕಿಸ್ಯಾಗ ಮಡಚಿ ಹಾಕ್ಕೊಂಡೆ. ಅಪ್ಪ ಅಯ್ಯಯ್ಯೋ ಅಂದ.

"ಬೀಗರು ಬರೋ ಹೊತ್ತಿಗಿ ತಂದು ಕೊಡ್ತೀನಿ ತಡಿ ಯಪ್ಪಾ," ಅಂದೆ. "ಒಂದೀಟು ಹೊಲಸ ಮಾಡ್ಕೊಂಡು ಬರ್ತೀನಿ."